ಎಂಜಿನಿಯರಿಂಗ್ ಓದುವಾಗಲೇ ಕಂಟಿನ್ಯುಯಮ್ ಮೆಕ್ಯಾನಿಕ್ಸ್ ಕಲಿಯಬಹುದಾ?

ಮೆಕ್ಯಾನಿಕಲ್ ಮೂರನೇ ವರ್ಷ, ಕಂಟಿನ್ಯುಯಮ್ ಮೆಕ್ಯಾನಿಕ್ಸ್ (ಅಣುಗಳ ಲೆಕ್ಕ ಬಿಟ್ಟು, ಘನ ದ್ರವ ಎಲ್ಲವನ್ನೂ ಎಡೆಬಿಡದೆ ಹರಡಿದ ವಸ್ತು ಅಂತ ನೋಡುವ ಶಾಸ್ತ್ರ) ಈಗಲೇ ಓದಲಾ ಅಥವಾ ಮಾಸ್ಟರ್ಸ್ ತನಕ ಕಾಯಲಾ ಅಂತ ಕೇಳಿದ್ದೀರಿ. ಕಾಯಬೇಡಿ, ಈಗಲೇ ಓದಿ. ನಾನೂ ನಿಮ್ಮ ಹಂತದಲ್ಲೇ ಓದಿದ್ದು. ಸಾಲಿಡ್ಸ್ ಒಂದು ಪೇಪರ್, ಫ್ಲೂಯಿಡ್ಸ್ ಇನ್ನೊಂದು ಪೇಪರ್ ಅಂತ ಬೇರೆ ಬೇರೆಯಾಗಿ ಕಲಿತಿರುತ್ತೇವೆ ಅಲ್ವಾ? ಮಾಸ್, ಮೊಮೆಂಟಮ್, ಎನರ್ಜಿ ಸಮೀಕರಣಗಳು ಉಕ್ಕಿಗೂ ನೀರಿಗೂ ಒಂದೇ. ಬೇರೆಯಾಗುವುದು ಆ ವಸ್ತು ಒತ್ತಡಕ್ಕೆ ಹೇಗೆ ಸ್ಪಂದಿಸುತ್ತದೆ ಅನ್ನುವ ನಿಯಮ ಮಾತ್ರ. ಇದು ತಲೆಗೆ ಹೋದ ಮೇಲೆ ಹಳೇ ಪಾಠಗಳೂ ಹೊಸದಾಗಿ ಕಾಣುತ್ತವೆ.

ಮೊದಲು ಲೀನಿಯರ್ ಆಲ್ಜೀಬ್ರಾ ಗಟ್ಟಿ ಮಾಡಿಕೊಳ್ಳಿ. ತುಂಬಾ ಜನ ಇಂಡೆಕ್ಸ್ ನೊಟೇಶನ್ (ಅಕ್ಷರದ ಕೆಳಗೆ i, j ಅಂತ ಗುರುತು ಹಾಕಿ ಬರೆಯುವುದು) ನೋಡಿ ಮೊದಲ ಅಧ್ಯಾಯದಲ್ಲೇ ಕೈಬಿಡುತ್ತಾರೆ. ಅದು ಬರೀ ಬರೆಯುವ ರೀತಿ, ವಾರಗಟ್ಟಲೆ ಅದರಲ್ಲೇ ಕೂರಬೇಡಿ. ಟೆನ್ಸರ್ ಅಂದರೆ ಒಂದು ವೆಕ್ಟರ್ ಕೊಟ್ಟರೆ ಇನ್ನೊಂದು ವೆಕ್ಟರ್ ಕೊಡುವಂಥದ್ದು, ಅದೂ ಲೀನಿಯರ್ ಆಗಿ. ಸದ್ಯಕ್ಕೆ ಇಷ್ಟು ಸಾಕು. ಸ್ಟ್ರೆಸ್ ಹಾಗೇ ಇದೆ: ಯಾವ ದಿಕ್ಕಿಗೆ ಮುಖ ಮಾಡಿದ ಮೇಲ್ಮೈ ಅಂತ ಹೇಳಿದರೆ, ಅದರ ಒಂದು ಚದರ ಅಳತೆಯ ಮೇಲಿನ ಬಲ ಎಷ್ಟು, ಯಾವ ಕಡೆಗೆ ಅಂತ ಹೇಳುತ್ತದೆ. 1820ರ ದಶಕದಲ್ಲಿ ಫ್ರೆಂಚ್ ಗಣಿತಜ್ಞ ಕೋಶಿ ಇದನ್ನು ಒಂದು ಪುಟ್ಟ ಟೆಟ್ರಾಹೆಡ್ರನ್ (ನಾಲ್ಕು ತ್ರಿಕೋನ ಮುಖಗಳ ಘನಾಕೃತಿ) ಇಟ್ಟುಕೊಂಡು ತೋರಿಸಿದರು. ಅದನ್ನು ಕುಗ್ಗಿಸುತ್ತಾ ಹೋದರೆ ಘನಫಲ ವಿಸ್ತೀರ್ಣಕ್ಕಿಂತ ಬೇಗ ಸಣ್ಣದಾಗುತ್ತದೆ. ಹಾಗಾಗಿ ತೂಕ, ವೇಗೋತ್ಕರ್ಷ ಎಲ್ಲ ಲೆಕ್ಕದಿಂದ ಬಿದ್ದುಹೋಗಿ ನಾಲ್ಕು ಮುಖಗಳ ಬಲ ಮಾತ್ರ ಉಳಿಯುತ್ತದೆ. ಅವುಗಳ ಮೊತ್ತ ಸೊನ್ನೆ ಆಗಬೇಕು ಅನ್ನುವುದರಿಂದಲೇ ಆ ಲೀನಿಯರ್ ಸಂಬಂಧ ಸಿಗುತ್ತದೆ. ಈ ಡೆರಿವೇಶನ್ ಅನ್ನು ಪುಸ್ತಕ ಮುಚ್ಚಿ ನೀವೇ ಬರೆದು ನೋಡಿ.

ಆಮೇಲೆ ಸ್ಟ್ರೇನ್, ಅಂದರೆ ವಸ್ತು ಮೂಲ ಅಳತೆಗೆ ಹೋಲಿಸಿದರೆ ಎಷ್ಟು ಹಿಗ್ಗಿತು, ಆಕಾರ ಎಷ್ಟು ಬದಲಾಯಿತು ಅನ್ನುವುದು. ನನ್ನ ಪ್ರಕಾರ ಇಡೀ ವಿಷಯದ ಜೀವ ಇಲ್ಲಿದೆ. ಒಂದು ಉಕ್ಕಿನ ಪಟ್ಟಿಯನ್ನು ಎಳೆಯದೆ, ಬಗ್ಗಿಸದೆ, ಸುಮ್ನೆ 10 ಡಿಗ್ರಿ ತಿರುಗಿಸಿ. ಸ್ಟ್ರೇನ್ ಸೊನ್ನೆ ಇರಬೇಕು. ಆದರೆ ನೀವು ಎರಡನೇ ವರ್ಷದಲ್ಲಿ ಕಲಿತ ಸ್ಟ್ರೇನ್ ಸೂತ್ರಕ್ಕೆ ಹಾಕಿದರೆ ಕಾಸ್ 10 ಮೈನಸ್ 1, ಅಂದರೆ ಸುಮಾರು ಮೈನಸ್ 0.015 ಬರುತ್ತದೆ. ಇದನ್ನು ಉಕ್ಕಿನ ಯಂಗ್ಸ್ ಮಾಡ್ಯುಲಸ್ (ಬಿಗಿತದ ಅಳತೆ) 200 ಗಿಗಾಪಾಸ್ಕಲ್‌ನಿಂದ ಗುಣಿಸಿದರೆ ಸ್ಟ್ರೆಸ್ ಸುಮಾರು 3000 ಮೆಗಾಪಾಸ್ಕಲ್! ಮಾಮೂಲಿ ಮೈಲ್ಡ್ ಸ್ಟೀಲ್ ಸುಮಾರು 250ಕ್ಕೇ ಯೀಲ್ಡ್ ಆಗುತ್ತದೆ, ಅಂದರೆ ಶಾಶ್ವತವಾಗಿ ಆಕಾರ ಬದಲಾಗಲು ಶುರುವಾಗುತ್ತದೆ. ಆ ಸೂತ್ರ ತಪ್ಪಲ್ಲ, ತಿರುಗುವಿಕೆ ತೀರಾ ಸಣ್ಣದಿದ್ದಾಗ ಮಾತ್ರ ನಡೆಯುತ್ತದೆ ಅಷ್ಟೇ. ಈಗ ಡಿಫಾರ್ಮೇಶನ್ ಗ್ರೇಡಿಯೆಂಟ್ (ವಸ್ತುವಿನೊಳಗಿನ ಪುಟ್ಟ ಗೆರೆ ಹೇಗೆ ಹಿಗ್ಗಿ ತಿರುಗಿತು ಅಂತ ಹೇಳುವ ಮ್ಯಾಟ್ರಿಕ್ಸ್) ತೆಗೆದುಕೊಂಡು, ಅದರ ಟ್ರಾನ್ಸ್‌ಪೋಸ್‌ನಿಂದ ಅದನ್ನೇ ಗುಣಿಸಿ, ಐಡೆಂಟಿಟಿ ಕಳೆದು, ಅರ್ಧ ಮಾಡಿ. ಸರಿಯಾಗಿ ಸೊನ್ನೆ ಬರುತ್ತದೆ. ಅರ್ಧ ಪುಟದ ಲೆಕ್ಕ, ಇವತ್ತೇ ಮಾಡಿ.

ವಕ್ರ ನಿರ್ದೇಶಾಂಕ, ಕೋವೇರಿಯಂಟ್ ಗೀವೇರಿಯಂಟ್ ಎಲ್ಲ ಆಮೇಲೆ ನೋಡಿಕೊಳ್ಳಬಹುದು. ಮೊದಲ ಸಲ ಪೂರ್ತಿ ಕಾರ್ಟೀಸಿಯನ್‌ನಲ್ಲೇ ಓದಿ. ನಿಮಗೆ, ವಸ್ತುವನ್ನು ಪುಟ್ಟ ತುಂಡುಗಳಾಗಿ ಮಾಡಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ಸಾಫ್ಟ್‌ವೇರ್ ಸಿಗುವುದಾದರೆ ಇದೇ ಪಟ್ಟಿಯನ್ನು ಲಾರ್ಜ್ ಡಿಫಾರ್ಮೇಶನ್ ಆಯ್ಕೆ ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ ತಿರುಗಿಸಿ, ಸ್ಟ್ರೆಸ್ ಹೋಲಿಸಿ. ಲೆಕ್ಕದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಕಾಮೆಂಟ್‌ನಲ್ಲಿ ಬರೆಯಿರಿ, ಖಂಡಿತ ನೋಡುತ್ತೇನೆ.