ಪೇಂಟಿನ ಮೇಲೆ ಬಳಿದ ಸುಣ್ಣ ಉದುರುವುದಕ್ಕೆ ಪರಿಹಾರ

ನೀವು ಚಿತ್ರ ಕಳಿಸಿ ಕೇಳಿದಂತೆ, ತುಮಕೂರಿನ ನಿಮ್ಮ ಮನೆಯ ಹಜಾರದಲ್ಲಿ ಬಳಿಸಿದ ಬಣ್ಣದ ಸುಣ್ಣ ಎರಡೇ ತಿಂಗಳಲ್ಲಿ ಹಕ್ಕಳೆಯೇಳುತ್ತಿರುವುದಕ್ಕೆ ಅದರಡಿಯ ಹಳೆಯ ಪ್ಲಾಸ್ಟಿಕ್ ಪೇಂಟೇ ಕಾರಣವೆಂದು ತೋರುತ್ತದೆ. ಸುಣ್ಣವು ಗಾರೆಯ ರಂಧ್ರಗಳೊಳಗೆ ಇಳಿದು, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುತ್ತದೆ. ಪೇಂಟು ಆ ಹಿಡಿತವನ್ನೇ ತಪ್ಪಿಸುತ್ತದೆ. ಆದರೆ ಉದುರುವಿಕೆ ನೆಲದಿಂದ ಎರಡು ಮೂರು ಅಡಿಯೊಳಗೆ ಮಾತ್ರ ಇದ್ದರೆ ತೇವವೂ ಕಾರಣವಿರಬಹುದು. ಚಿತ್ರದಿಂದ ಅದನ್ನು ನಿರ್ಧರಿಸಲಾಗದು. ತೇವವಿದ್ದಲ್ಲಿ ಮೊದಲು ನೀರಿನ ಮೂಲವನ್ನು ಸರಿಪಡಿಸಿರಿ.

ಬಳಿಕ ಪೇಂಟು, ಪುಟ್ಟಿ (ಗೋಡೆಯನ್ನು ನುಣುಪಾಗಿಸುವ ಲೇಪ) ಎರಡನ್ನೂ ಗಾರೆ ಕಾಣುವವರೆಗೆ ಕೆರೆಸಿರಿ. ಬೇಸರದ ಕೆಲಸವಾದ್ದರಿಂದ ಇದನ್ನು ಅರ್ಧಕ್ಕೆ ಬಿಡುವವರೇ ಹೆಚ್ಚು. ಆದ್ದರಿಂದ ಗೋಡೆಗೆ ಒಂದು ಬೊಗಸೆ ನೀರು ಚಿಮುಕಿಸಿ ನೋಡಿರಿ, ಕೂಡಲೇ ಹೀರಿಕೊಂಡು ಕಪ್ಪಾದರೆ ಸಾಕು, ಹನಿಯಾಗಿ ಜಾರಿದರೆ ಇನ್ನೂ ಕೆರೆಯಬೇಕು. ನೀರು ಹಾಕಿ ಅರಳಿಸಿ ನೆನೆಸಿಟ್ಟ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು, ಪ್ರತಿ ಸಲವೂ ಗೋಡೆಯನ್ನು ಒದ್ದೆ ಮಾಡಿ, ದಿನಕ್ಕೊಂದು ಪದರದಂತೆ ಮೂರು ಪದರ ಬಳಿಸಿರಿ. ಒಂದೇ ಸಲ ದಪ್ಪಗೆ ಬಳಿದರೆ ಮತ್ತೆ ಬಿರಿಯುತ್ತದೆ.

ಬಣ್ಣಕ್ಕೆ ಕೆಮ್ಮಣ್ಣನ್ನೋ ಹಳದಿ ಕಬ್ಬಿಣದ ಆಕ್ಸೈಡನ್ನೋ ಬಳಸಿರಿ, ಅವು ಸುಣ್ಣದ ಕ್ಷಾರಕ್ಕೆ ಮಾಸುವುದಿಲ್ಲ. ನಿಮ್ಮ ಕೆಂಪು ಗಾರೆ ನೆಲಕ್ಕೆ ತಿಳಿಹಳದಿಯೇ ಚೆನ್ನಾಗಿ ಒಪ್ಪೀತು. ಹಸಿ ಸುಣ್ಣದ ಬಣ್ಣ ಒಣಗಿದ ಮೇಲೆ ಬಹಳ ತಿಳಿಯಾಗುವುದರಿಂದ ಮೊದಲು ಬಾಗಿಲ ಹಿಂದಿನ ಮೂಲೆಯಲ್ಲಿ ಬಳಿದು ನೋಡಿರಿ. ಬಳಿಯುವವರು ಕೈಗವಸು, ಕನ್ನಡಕ ಹಾಕಿಕೊಂಡಿರಲಿ.