ಸಾಮಾಜಿಕ ಒತ್ತಡದಿಂದ ಇಲಿಗಳ ಡೋಪಮೈನ್ ಖಾಲಿಯಾಗುತ್ತದೆಯೇ?

ಪೆಟ್ಟು ತಿಂದ ಇಲಿಗಳ ಮೆದುಳಿನಲ್ಲಿ ಡೋಪಮೈನ್ (ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ) ಖಾಲಿಯಾಗುತ್ತದಂತೆ, ಹಾಗಾದರೆ ದಿನವೂ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ನಲುಗುವ ನಮ್ಮ ಗತಿಯೇನು ಎಂದು ಕೇಳಿದ್ದೀರಿ. ಮುಂಬಯಿಯ ಪ್ರಯೋಗಾಲಯವೊಂದರ ಪ್ರಾಣಿಗೃಹದಲ್ಲಿ ಐದು ವರ್ಷ ಇಲಿಗಳ ನಡುವೆ ಕಳೆದವನು ನಾನು. ಖಾಲಿಯಾಗುವುದಿಲ್ಲ. ವಿಷಯ ಅದಕ್ಕಿಂತ ವಿಚಿತ್ರವಾಗಿದೆ.

ಮೊದಲು ಪ್ರಯೋಗ ನೋಡಿ. ಸಿಡಿ-1 ತಳಿಯ ದಪ್ಪ ಬಿಳಿ ಗಂಡಿಲಿ, ಮಹಾ ಜಗಳಗಂಟ, ತನ್ನ ಪಂಜರದಲ್ಲಿ ಯಜಮಾನನಂತೆ ಇರುತ್ತದೆ. ಅಲ್ಲಿಗೆ ಸಿ57 ತಳಿಯ ಸಣ್ಣ ಕಪ್ಪು ಗಂಡಿಲಿಯನ್ನು ಬಿಡುತ್ತಾರೆ. ಐದರಿಂದ ಹತ್ತು ನಿಮಿಷ ಅಟ್ಟಾಟ, ಕಡಿತ. ಕಪ್ಪಿಲಿ ಮೂಲೆಯಲ್ಲಿ ಹಿಂಗಾಲ ಮೇಲೆ ನಿಂತು, ಮುಂಗಾಲು ಮಡಚಿ, ಹೊಟ್ಟೆ ತೋರಿಸಿ ಶರಣಾಗುತ್ತದೆ. ಆಮೇಲೆ ಇಬ್ಬರ ನಡುವೆ ತೂತುಗಳಿರುವ ಪಾರದರ್ಶಕ ಹಲಗೆ ಇಳಿಸುತ್ತಾರೆ. ಉಳಿದ ದಿನವೆಲ್ಲ ಹೊಡೆದವನನ್ನು ನೋಡುತ್ತ, ಮೂಸುತ್ತ ಕೂರಬೇಕು. ಮರುದಿನ ಹೊಸ ಯಜಮಾನ. ಹೀಗೆ ಹತ್ತು ದಿನ.

ನನ್ನನ್ನು ಕೇಳಿದರೆ ಕ್ರೌರ್ಯವೆಲ್ಲ ಆ ಹಲಗೆಯಲ್ಲಿದೆ. ಅಪ್ಪ ಹುಡುಗನಾಗಿದ್ದಾಗ ಮಾಟುಂಗದ ಹೋಟೆಲೊಂದರಲ್ಲಿ ಮಾಣಿಯಾಗಿದ್ದರು. "ಏಟು ಒಂದು ಗಳಿಗೆಯದು ಮಾರಾಯ, ರಾತ್ರಿ ಹೊಡೆದವನ ಪಕ್ಕದಲ್ಲೇ ಚಾಪೆ ಹಾಸಬೇಕಲ್ಲ" ಎನ್ನುತ್ತಿದ್ದರು.

ಹನ್ನೊಂದನೆಯ ದಿನ ಪರೀಕ್ಷೆ. ಜಾಲರಿಯ ಹಿಂದೆ ಅಪರಿಚಿತ ಇಲಿಯೊಂದನ್ನು ಇಟ್ಟರೆ, ಸೋತವುಗಳಲ್ಲಿ ಹೆಚ್ಚಿನವು ದೂರದ ಮೂಲೆಗೆ ಅಂಟಿಕೊಳ್ಳುತ್ತವೆ. ಸಕ್ಕರೆ ನೀರು, ಬರೀ ನೀರು ಎರಡನ್ನೂ ಇಟ್ಟರೆ ಸಿಹಿಯ ಮೇಲಿನ ಆಸೆಯೂ ತಗ್ಗಿರುತ್ತದೆ. ಆದರೆ ಸುಮಾರು ಮೂರನೇ ಒಂದರಷ್ಟು ಇಲಿಗಳು ಏನೂ ಆಗದವರಂತೆ ಮೂಸಲು ಹೋಗುತ್ತವೆ!

ನಡುಮೆದುಳಿನ ವಿಟಿಎ ಎಂಬ ಭಾಗದ ಡೋಪಮೈನ್ ಕೋಶಗಳು ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಮೆದುಳಿನ ಇನ್ನೊಂದು ಭಾಗಕ್ಕೆ ಸುದ್ದಿ ಕಳಿಸುತ್ತವೆ. ಸುಖದ ಬೆನ್ನು ಹತ್ತಿಸುವ ದಾರಿ ಇದೇ. 2007ರಲ್ಲಿ ಅಮೆರಿಕದ ನರವಿಜ್ಞಾನಿ ಎರಿಕ್ ನೆಸ್ಲರ್ ಅವರ ತಂಡ ಕಂಡದ್ದು ಎಲ್ಲರ ಊಹೆಗೆ ತದ್ವಿರುದ್ಧ: ಕುಗ್ಗಿದ ಇಲಿಗಳಲ್ಲಿ ಈ ಕೋಶಗಳ ಮಿಡಿತ ಹೆಚ್ಚಾಗಿತ್ತು. ಕುಗ್ಗದ ಇಲಿಗಳಲ್ಲಿ ಅದು ಸಹಜವಾಗಿತ್ತು. ಅವು ಮೊಂಡು ಎಂದಲ್ಲ. ಅವುಗಳ ಕೋಶಗಳನ್ನು ಕೆರಳಿಸುವ ವಿದ್ಯುತ್ ಪ್ರವಾಹ ಕುಗ್ಗಿದವುಗಳಿಗಿಂತ ಇನ್ನೂ ಜೋರಾಗಿತ್ತೆಂದು 2014ರಲ್ಲಿ ತಿಳಿಯಿತು. ಆದರೆ ಜೊತೆಗೇ, ಕೋಶವನ್ನು ತಣಿಸುವ ಪೊಟ್ಯಾಸಿಯಂ ಪ್ರವಾಹವೂ ಏರಿ ಬ್ರೇಕ್ ಹಾಕುತ್ತಿತ್ತು. ತಡೆದುಕೊಳ್ಳುವುದೂ ದುಡಿಮೆಯೇ, ಸುಮ್ಮನೆ ಬರುವುದಲ್ಲ.

ಗೊಂದಲ ಇಲ್ಲಿಗೇ ಮುಗಿಯಲಿಲ್ಲ. 2013ರಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ. ಒಂದರಲ್ಲಿ, ಬೆಳಕಿಗೆ ಸ್ಪಂದಿಸುವಂತೆ ಮಾರ್ಪಡಿಸಿದ ಈ ಕೋಶಗಳನ್ನು ಬೆಳಕಿನಿಂದ ಕೆರಳಿಸಿದರೆ ಪೆಟ್ಟು ತಿಂದ ಇಲಿ ಕುಗ್ಗುತ್ತದೆ. ಇನ್ನೊಂದರಲ್ಲಿ, ವಾರಗಟ್ಟಲೆ ಸಣ್ಣಪುಟ್ಟ ಕಿರುಕುಳ ಅನುಭವಿಸಿದ ಇಲಿ ಅದೇ ಉಪಾಯದಿಂದ ಚೇತರಿಸಿಕೊಳ್ಳುತ್ತದೆ. ಒತ್ತಡ ಯಾವ ಬಗೆಯದು ಎಂದು ಕೇಳದೆ ಡೋಪಮೈನ್ ಏರಿತು, ಇಳಿಯಿತು ಎನ್ನುವ ವಿಡಿಯೊಗಳನ್ನು ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ. ಪೆಟ್ಟಿನ ಪ್ರಯೋಗಕ್ಕೆ ಒಂದು ಕೊರತೆಯೂ ಇದೆ: ಸಿಡಿ-1 ಗಂಡು ಸಾಮಾನ್ಯವಾಗಿ ಹೆಣ್ಣಿಲಿಯ ಮೇಲೆ ಎರಗುವುದಿಲ್ಲ. ಹಾಗಾಗಿ ಬಹುಕಾಲ ಈ ಲೆಕ್ಕವೆಲ್ಲ ಗಂಡುಗಳದೇ ಆಗಿತ್ತು.

ಇನ್ನು ನಿಮ್ಮ ರೈಲು. ಅಲ್ಲಿ ನೂಕಿದವನು ಘಾಟ್ಕೋಪರಿನಲ್ಲೋ ದಾದರಿನಲ್ಲೋ ಇಳಿದು ಹೋಗುತ್ತಾನೆ, ಮತ್ತೆ ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಗಾಜಿನ ಗೋಡೆಯಾಚೆ ಕೂರುವ ಮೇಲಧಿಕಾರಿಯ ಬಗ್ಗೆ ಕೇಳಿದ್ದರೆ ಬೇರೆ ಮಾತಿತ್ತು.