ಮಜಾಕ್ಕೂ ಮಾರ್ಕ್ಸ್ ಹಾಕುತ್ತಿದ್ದವರು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಲವತ್ತರ ಆಸುಪಾಸಿನವರು, ಲೆಕ್ಕಪತ್ರದ ಕೆಲಸ. ಹೆಂಡತಿಯ ಒತ್ತಾಯಕ್ಕೆ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು. "ದುಃಖ ಅಂತೇನಿಲ್ಲ ಮೇಡಂ. ಯಾವುದರಲ್ಲೂ ಮಜಾ ಬರ್ತಿಲ್ಲ, ಅಷ್ಟೇ. ಚಿಕ್ಕವನಿದ್ದಾಗ ಹೀಗಿರಲಿಲ್ಲ" ಎಂದರು.

ಇಂಥ ಮಾತು ಕೇಳಿದಾಗ ಮೊದಲು ಖಿನ್ನತೆ ಇದೆಯೇ ಎಂದು ನೋಡಬೇಕು. ಇಷ್ಟದ ಕೆಲಸದಲ್ಲೂ ಆಸಕ್ತಿ ಬತ್ತಿಹೋಗಿ, ಕನಿಷ್ಠ 2 ವಾರ, ಹೆಚ್ಚುಕಡಿಮೆ ಪ್ರತಿದಿನ, ಬಹುತೇಕ ಇಡೀ ದಿನ ಹಾಗೇ ಉಳಿಯುವುದು ಅದರ ಎರಡು ಮುಖ್ಯ ಲಕ್ಷಣಗಳಲ್ಲಿ ಒಂದು. ಅಳು ಬರಲೇಬೇಕೆಂದಿಲ್ಲ. ನಿದ್ದೆ, ಹಸಿವು, ಏಕಾಗ್ರತೆ, ಸಾಯುವ ಯೋಚನೆ ಎಲ್ಲವನ್ನೂ ನೇರವಾಗಿಯೇ ಕೇಳಿದೆ. ಯಾವುದರಲ್ಲೂ ಏರುಪೇರಿರಲಿಲ್ಲ. ಇದ್ದಿದ್ದರೆ ಮನೋವೈದ್ಯರ ಬಳಿಗೆ ಕಳಿಸುತ್ತಿದ್ದೆ.

ಕಳೆದ ರಜೆ ಹೇಗಿತ್ತು ಎಂದೆ. ಮೊಬೈಲ್ ತೆಗೆದು ಒಂದು ಪಟ್ಟಿ ತೋರಿಸಿದರು. 5:45 ಸೂರ್ಯೋದಯ, 7:10 ತಿಂಡಿ, 8:00 ದೋಣಿ, 9:30ರಿಂದ 10:15 'ಮಗಳ ಜೊತೆ ಮೋಜು'. ಪ್ರತಿ ಸಾಲಿನ ಎದುರೂ ಹತ್ತಕ್ಕೆ ಇಷ್ಟೆಂದು ಅಂಕ. ಮೋಜಿಗೆ ಸಿಕ್ಕಿದ್ದು 4. ನನಗೆ ನಗು ತಡೆಯಲಾಗಲಿಲ್ಲ. ಪುಣ್ಯಕ್ಕೆ ಅವರೂ ನಕ್ಕರು.

ಸಂಶೋಧಕರಾದ ಗೇಬ್ರಿಯೆಲಾ ಟೊನಿಯೆಟ್ಟೊ ಮತ್ತು ಸೆಲಿನ್ ಮಾಲ್ಕೊಚ್ 2016ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರಿಗೆ ಹೇಳಿದೆ. ವಿರಾಮಕ್ಕೆ ಗಡಿಯಾರ ನೋಡಿ ಸಮಯ ಗೊತ್ತುಮಾಡಿದರೆ ಅದೂ ಕೆಲಸದಂತೆ ಅನಿಸತೊಡಗುತ್ತದೆ, ಖುಷಿ ತಗ್ಗುತ್ತದೆ. 'ಮಧ್ಯಾಹ್ನದ ಮೇಲೆ ಯಾವಾಗಲಾದರೂ' ಎಂದು ಸಡಿಲ ಬಿಟ್ಟರೆ ಹಾಗಾಗುವುದಿಲ್ಲ.

ಚಿಕ್ಕಂದಿನ ಮಜಾ ಯಾವುದಿತ್ತು? ಹರಿಯುವ ಮಳೆನೀರಿಗೆ ಮಣ್ಣಿನ ಕಟ್ಟೆ ಕಟ್ಟುವುದು. ಅದರಲ್ಲಿ ಏನು ಹಿಡಿಸುತ್ತಿತ್ತು ಎಂದು ಕೆದಕಿದೆ. ತುಸು ಹೊತ್ತು ಸುಮ್ಮನಿದ್ದು, "ಎಲ್ಲಿ ಒಡೆಯುತ್ತೆ ಅಂತ ಗೊತ್ತಿರ್ತಿರಲಿಲ್ಲ" ಎಂದರು. ನನಗೆ ಬೇಕಿದ್ದದ್ದು ಇದೇ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳನ್ನು ಅಭ್ಯಸಿಸಿದಾಗ, ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕರೆ ಡೋಪಮೈನ್ ನರಕೋಶಗಳು (ಬಹುಮಾನ, ಪ್ರೇರಣೆಗೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕ ಬಿಡುವ ಕೋಶಗಳು) ಚುರುಕಾಗುತ್ತಿದ್ದವು. ರಸ ಬರುತ್ತದೆಂದು ಮುನ್ಸೂಚನೆಯಿಂದಲೇ ತಿಳಿದ ಮೇಲೆ, ಬಂದ ರಸಕ್ಕೆ ಅವು ಮಿಸುಕುತ್ತಿರಲಿಲ್ಲ. ಮಗುವಿಗೆ ಬಹುಪಾಲು ಜಗತ್ತು ಅನಿರೀಕ್ಷಿತವೇ. ದೊಡ್ಡವರಿಗೆ ಬಹುಪಾಲು ಗೊತ್ತಿರುವುದೇ. ಗೊತ್ತಿರದೆ ಉಳಿದ ಅಷ್ಟಿಷ್ಟನ್ನೂ ಇವರು ಪಟ್ಟಿ ಮಾಡಿ ಮುಗಿಸುತ್ತಿದ್ದರು.

ಇನ್ನೊಂದು ಸಂಗತಿಯೂ ಇತ್ತು. ದೊಡ್ಡವರ ಮಜಾಕ್ಕೆ ಕೇಕೆ, ಓಟ ಇರುವುದಿಲ್ಲ. ಮಾಡುವುದರಲ್ಲಿ ಮುಳುಗಿ ಹೊತ್ತು ಹೋದದ್ದೇ ತಿಳಿಯದಿದ್ದರೆ ಅದೂ ಮಜಾವೇ. ಹತ್ತು ವರ್ಷದ ಹುಡುಗನ ಅಳತೆಗೋಲು ಹಿಡಿದವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಕಟ್ಟೆ ಕಟ್ಟಲು ಹೋಗಬೇಡಿ ಎಂದೆ. ಹಳೆಯ ಆಟವನ್ನು ಮತ್ತೆ ಆಡಿ ನಿರಾಶರಾದವರನ್ನು ಸಾಕಷ್ಟು ನೋಡಿದ್ದೇನೆ. ನಿಮಗೆ ಬಾರದ, ಕೆಟ್ಟರೂ ನಷ್ಟವಿಲ್ಲದ ಏನಾದರೂ ಹಿಡಿಯಿರಿ. ಸಮಯ, ಅಂಕ, ಫೋಟೊ ಮೂರೂ ಬೇಡ. ಮಗಳ ಜೊತೆ ಆಡುವಾಗ ಮಧ್ಯೆ ಮಧ್ಯೆ "ಮಜಾ ಬಂತಾ ಪುಟ್ಟಾ?" ಎಂದು ಕೇಳುವ ಅಭ್ಯಾಸ ಅವರಿಗಿತ್ತು. ಅದನ್ನೂ ಬಿಡಿ ಎಂದೆ. ಕೇಳಿದ ಕ್ಷಣ ಮಗು ಆಟ ಬಿಟ್ಟು ಉತ್ತರ ಹುಡುಕುತ್ತದೆ.

ಮುಂದಿನ ತಿಂಗಳು ಬಂದಾಗ ಕೆಟ್ಟು ಕೂತಿದ್ದ ಗೋಡೆ ಗಡಿಯಾರ ಬಿಚ್ಚಿದ ಕಥೆ ಹೇಳಿದರು. ಸ್ಪ್ರಿಂಗ್ ಚಿಮ್ಮಿ ಮಂಚದಡಿ ಹೋಯಿತು, ಅಪ್ಪ ಮಗಳು ಟಾರ್ಚ್ ಹಿಡಿದು ತೆವಳಿದರು, ರಾತ್ರಿ ಹತ್ತೂವರೆ ಆದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಗಡಿಯಾರ ಇನ್ನೂ ಓಡುತ್ತಿಲ್ಲ. ಮೇಜಿನ ತುಂಬಾ ಹರಡಿದ ಬಿಡಿಭಾಗಗಳ ಬಗ್ಗೆ ಹೆಂಡತಿಯ ತಕರಾರು ಶುರುವಾಗಿದೆ. ಅಂಕ ಹಾಕುವ ಚಾಳಿ ಪೂರ್ತಿ ಹೋಗಿಲ್ಲ, ಮನಸ್ಸಿನಲ್ಲೇ ಹಾಕಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡರು. ಅದಕ್ಕೆ ಆತುರಪಡುವುದು ಬೇಡ ಎಂದೆ. ಸದ್ಯಕ್ಕೆ ಮುಂದಿನ ಭೇಟಿ ಇಟ್ಟುಕೊಂಡಿಲ್ಲ. ಆದರೆ ನಿದ್ದೆ ಕೆಟ್ಟರೆ, ಗಡಿಯಾರವೂ ಬೇಡವೆನಿಸಿ ವಾರಗಟ್ಟಲೆ ಹಾಗೇ ಉಳಿದರೆ, ಕಾಯದೆ ಬನ್ನಿ ಎಂದು ಗಂಡ ಹೆಂಡತಿ ಇಬ್ಬರಿಗೂ ಹೇಳಿದ್ದೇನೆ.